ಅಪ್ಪಣೆ ತಲುಪದ ಸ್ನಾಯು

ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ನರಕೋಶದ ಚಿತ್ರವಿರುತ್ತದೆ. ಮಕ್ಕಳು ಅದರ ತಲೆಯನ್ನು ದೊಡ್ಡದಾಗಿ ಬರೆದು, ಬಾಲವನ್ನು ಎರಡಂಗುಲಕ್ಕೆ ಮುಗಿಸಿಬಿಡುತ್ತಾರೆ. ನಿಜವಾದ ಅಳತೆಯಲ್ಲಿ ಬರೆಯಹೊರಟರೆ ಹಾಳೆ ಸಾಲದು. ಬೆನ್ನುಹುರಿಯಿಂದ ಪಾದದ ಸ್ನಾಯುವಿನವರೆಗೆ ಸಾಗುವ ನರಕೋಶದ ತಲೆಯನ್ನು ಹುಣಸೆಬೀಜದಷ್ಟು ಬರೆದರೆ, ಬಾಲ ನೂರು ಮೀಟರನ್ನೂ ದಾಟಬೇಕಾಗುತ್ತದೆ!

ಈ ಬಾಲಕ್ಕೆ ಆಕ್ಸಾನ್ ಎಂದು ಹೆಸರು. ಅದರ ತುದಿ ಸ್ನಾಯುವನ್ನು ಕೂಡುವ ಜಾಗವೇ ನರಸ್ನಾಯು ಸಂಧಿ. ಮಿದುಳಿನ ಅಪ್ಪಣೆ ಇಲ್ಲಿಯವರೆಗೆ ವಿದ್ಯುತ್ತಿನ ರೂಪದಲ್ಲಿ ಬಂದು, ಇಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವಾಗಿ ಕಿರಿದಾದ ಸಂದನ್ನು ದಾಟುತ್ತದೆ. ಆಗಲೇ ಬೆರಳು ಮಡಿಸುವುದು.

ಆ ಅಪ್ಪಣೆ ಸ್ನಾಯುವನ್ನು ಮುಟ್ಟದೆ ಹೋಗುವ ಕಾಯಿಲೆಗಳಲ್ಲಿ ಕ್ರೂರವಾದದ್ದು ಮೋಟಾರ್ ನ್ಯೂರಾನ್ ಕಾಯಿಲೆ. ಅಮೆರಿಕದ ಬೇಸ್‌ಬಾಲ್ ಆಟಗಾರ ಲೂ ಗೆಹ್ರಿಗ್ ಸತತವಾಗಿ 2,130 ಪಂದ್ಯಗಳನ್ನು ಆಡಿದವನು. 1939ರ ಮೇ ತಿಂಗಳಲ್ಲಿ ತಾನಾಗಿಯೇ ತಂಡದಿಂದ ಹೊರಗುಳಿದ. ಮರುತಿಂಗಳು ಕಾಯಿಲೆಯ ಹೆಸರು ತಿಳಿಯಿತು. 1941ರಲ್ಲಿ, 37ನೇ ವಯಸ್ಸಿನಲ್ಲಿ ತೀರಿಕೊಂಡ. 1963ರಲ್ಲಿ ಇದೇ ಕಾಯಿಲೆಗೆ ತುತ್ತಾದ ವಿಜ್ಞಾನಿ ಸ್ಟೀಫನ್ ಹಾಕಿಂಗ್ 2018ರವರೆಗೆ ಬದುಕಿದ್ದು ತೀರ ಅಪರೂಪ. ಹೆಚ್ಚಿನವರಿಗೆ ಉಳಿಯುವುದು ಮೂರರಿಂದ ಐದು ವರ್ಷ; ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. (ಕಣ್ಣರೆಪ್ಪೆ ಅದುರಿತೆಂದು ಯಾರೂ ಗಾಬರಿಯಾಗಬೇಕಿಲ್ಲ. ಅದು ನಿದ್ದೆಗೆಟ್ಟವರಿಗೆಲ್ಲ ಆಗುವಂಥದು. ಶಕುನವೂ ಅಲ್ಲ, ಈ ಕಾಯಿಲೆಯೂ ಅಲ್ಲ.)

ಕಾಯಿಲೆ ಶುರುವಾಗುವುದು ಎಲ್ಲಿ? ಬಹುಕಾಲ ಎಲ್ಲರ ಕಣ್ಣು ನರಕೋಶದ ತಲೆಯ ಮೇಲೇ ಇತ್ತು. 2004ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಸಂಶೋಧಕರು ಈ ಕಾಯಿಲೆ ಬರುವಂತೆ ಬೆಳೆಸಿದ ಇಲಿಗಳನ್ನು ಹಂತಹಂತವಾಗಿ ಪರೀಕ್ಷಿಸಿದರು. 47ನೇ ದಿನದ ಹೊತ್ತಿಗೇ ಸಂಧಿಗಳು ಕಳಚಿಕೊಂಡಿದ್ದವು. ಆಕ್ಸಾನ್‌ಗಳು ಹಾಳಾದದ್ದು ಅದರ ನಂತರ, ತಲೆಗಳು ಸತ್ತದ್ದು ಎಲ್ಲಕ್ಕಿಂತ ಕೊನೆಗೆ. ಮರ ಬುಡದಿಂದಲ್ಲ, ಚಿಗುರಿನಿಂದ ಒಣಗುತ್ತ ಬಂದಂತೆ. ಇಷ್ಟಾದರೂ ರೋಗಿಗೆ ಮೊದಮೊದಲು ಏನೂ ತಿಳಿಯುವುದಿಲ್ಲ. ಅನಾಥವಾದ ಸ್ನಾಯುತಂತುಗಳಿಗೆ ನೆರೆಯ ನರಗಳು ಹೊಸ ಕವಲು ಚಾಚಿ ಕೆಲಸ ಸಾಗಿಸುತ್ತವೆ. ಅವಕ್ಕೂ ಕೈಲಾಗದಾದಾಗ ಅಂಗಿಯ ಗುಂಡಿ ಹಾಕುವುದು ಕಷ್ಟವಾಗುತ್ತದೆ.

ತುದಿಯೇ ಏಕೆ ಮೊದಲು ಸೋಲಬೇಕು? ತಲೆಯಲ್ಲಿ ತಯಾರಾದ ಎಷ್ಟೋ ಪ್ರೋಟೀನುಗಳು ಆಕ್ಸಾನ್‌ನಲ್ಲಿ ದಿನಕ್ಕೆ ಕೆಲವೇ ಮಿಲಿಮೀಟರ್ ಸಾಗುತ್ತವೆ. ಒಂದು ಮೀಟರ್ ದಾರಿಗೆ ತಿಂಗಳುಗಟ್ಟಲೆ ಬೇಕು! ಅದಕ್ಕೇ ಪ್ರಕೃತಿ ಒಂದು ಉಪಾಯ ಮಾಡಿದೆ: ಆರ್‌ಎನ್‌ಎ ಎಂಬ ನಕಲು ಪ್ರತಿಯನ್ನು ತುದಿಗೆ ಕಳಿಸಿ, ಬೇಕಾದ ಕೆಲವು ಪ್ರೋಟೀನುಗಳನ್ನು ಅಲ್ಲೇ ತಯಾರಿಸಿಕೊಳ್ಳುವುದು. ಆರ್‌ಎನ್‌ಎಯನ್ನು ನೋಡಿಕೊಳ್ಳುವ ಪ್ರೋಟೀನುಗಳಲ್ಲಿ ಟಿಡಿಪಿ-43 ಒಂದು. ಅದರ ಮನೆ ಕೋಶದ ನ್ಯೂಕ್ಲಿಯಸ್. ಅದು ಮನೆ ಬಿಟ್ಟು ಹೊರಬಂದು ಮುದ್ದೆಗಟ್ಟುವುದು 2006ರಲ್ಲಿ ಗೊತ್ತಾಯಿತು. ಈ ಕಾಯಿಲೆಯ ಬಹುಪಾಲು ರೋಗಿಗಳಲ್ಲಿ ಆ ಮುದ್ದೆ ಕಾಣುತ್ತದೆ.

ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಎರಾನ್ ಪೆರ್ಲ್‌ಸನ್ ಮತ್ತು ಸಂಗಡಿಗರು 2021ರಲ್ಲಿ ಈ ಮುದ್ದೆಯನ್ನು ರೋಗಿಗಳ ನರಸ್ನಾಯು ಸಂಧಿಯಲ್ಲೇ ಕಂಡರು. ಅಲ್ಲಿ ಅದು ಆರ್‌ಎನ್‌ಎಯನ್ನು ಹಿಡಿದಿಟ್ಟು ಪ್ರೋಟೀನು ತಯಾರಿಕೆಯನ್ನೇ ತಡೆಯುತ್ತದೆ. ಹೀಗೆ ನಿಂತುಹೋಗುವ ಪ್ರೋಟೀನುಗಳಲ್ಲಿ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಕ್ಕೆ ಬೇಕಾದವೂ ಸೇರಿವೆ. ಶಕ್ತಿಯಿಲ್ಲದ ಸಂಧಿ ಕಳಚಿಬೀಳುತ್ತದೆ. ಪ್ರಯೋಗಾಲಯದಲ್ಲಿ ಆಕ್ಸಾನ್‌ನ ಮುದ್ದೆಗಳನ್ನು ನಿವಾರಿಸಿದಾಗ ತಯಾರಿಕೆ ಮತ್ತೆ ಶುರುವಾಗಿ, ಸಂಧಿಗಳು ಚೇತರಿಸಿಕೊಂಡವು. ತಲೆ ಸತ್ತ ಮೇಲೆ ಮಾಡುವುದಕ್ಕೆ ಏನೂ ಉಳಿಯದು. ತುದಿ ಮಾತ್ರ ಕಳಚಿದ್ದರೆ ಇನ್ನೂ ಕಾಲವಿದೆ ಎಂಬುದೇ ಇಲ್ಲಿನ ದೊಡ್ಡ ಸುದ್ದಿ.

ಆದರೆ ಇದು ಔಷಧಿಯಾಗಿ ರೋಗಿಯ ಕೈ ಸೇರಿಲ್ಲ. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರಿಲುಜೋಲ್ ಆಯುಸ್ಸನ್ನು ಕೆಲವು ತಿಂಗಳು ಹೆಚ್ಚಿಸುತ್ತದೆ. 2023ರಲ್ಲಿ ಅಲ್ಲಿ ಬಂದ ಟೋಫರ್ಸನ್, ಎಸ್‌ಒಡಿ-1 ಎಂಬ ವಂಶವಾಹಿ ಕೆಟ್ಟ ಕೆಲವೇ ರೋಗಿಗಳಿಗೆ ಮೀಸಲು. ಅವರಲ್ಲಿ ಮುದ್ದೆಗಟ್ಟುವ ಪ್ರೋಟೀನೇ ಬೇರೆ.