ಪತ್ರಕರ್ತರೂ ಮುತುವರ್ಜಿಯಿಂದ ಓದುವ ಪತ್ರಿಕೆಗಳು

ಅಂಗಡಿಯಲ್ಲಿ ಒಂದು ಅಂಗಿಯನ್ನು ಕೈಗೆತ್ತಿಕೊಂಡರೆ ನಾವು ಬಣ್ಣ ನೋಡುತ್ತೇವೆ, ಬೆಲೆ ಕೇಳುತ್ತೇವೆ. ಅದೇ ಅಂಗಿಯನ್ನು ದರ್ಜಿಯ ಕೈಗೆ ಕೊಟ್ಟರೆ ಆತ ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡುತ್ತಾನೆ. ಪತ್ರಿಕೆಗಳ ವಿಷಯವೂ ಹೀಗೆಯೇ. ವರದಿಗಾರರು, ಉಪಸಂಪಾದಕರು ಬೆಳಗಿನಿಂದ ರಾತ್ರಿಯವರೆಗೆ ಸುದ್ದಿಯ ನಡುವೆಯೇ ಇರುತ್ತಾರೆ. ಆದರೂ ಬಿಡುವಾದಾಗ ಯಾವುದಾದರೊಂದು ವಾರಪತ್ರಿಕೆಯನ್ನೋ ಮಾಸಪತ್ರಿಕೆಯನ್ನೋ ಪ್ರೀತಿಯಿಂದ ಓದುವವರು ಅವರಲ್ಲಿ ಬಹಳ ಮಂದಿ. ಇದು ಯಾಕೆ? ಪಿಯುಸಿ ಮುಗಿಸಿ ಪತ್ರಿಕೋದ್ಯಮ ಓದಬೇಕೆಂದಿರುವ ನನಗೆ ಈ ಪ್ರಶ್ನೆ ಮುಖ್ಯವೆನಿಸಿತು. ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲನೆಯ ಕಾರಣ ಸಮಯ. ದಿನಪತ್ರಿಕೆಯಲ್ಲಿ ಸಂಜೆ ನಡೆದ ಘಟನೆ ರಾತ್ರಿಯೊಳಗೆ ಪುಟ ಸೇರಬೇಕು. ನಿಯತಕಾಲಿಕದಲ್ಲಿ ಒಂದು ವಿಷಯದ ಹಿಂದೆ ವಾರಗಟ್ಟಲೆ, ತಿಂಗಳುಗಟ್ಟಲೆ ಹೋಗಲು ಸಾಧ್ಯ. ಇದಕ್ಕೆ ಪ್ರಸಿದ್ಧ ಉದಾಹರಣೆ ಅಮೆರಿಕದ ‘ದಿ ನ್ಯೂಯಾರ್ಕರ್’ ವಾರಪತ್ರಿಕೆಯ 1946ರ ಆಗಸ್ಟ್ 31ರ ಸಂಚಿಕೆ. ಹಿರೋಶಿಮಾದ ಮೇಲೆ ಅಣುಬಾಂಬ್ ಬಿದ್ದು ಆಗ ಒಂದು ವರ್ಷವಾಗಿತ್ತು. ಸತ್ತವರ ಲೆಕ್ಕ, ಬಾಂಬಿನ ಶಕ್ತಿ ಎಲ್ಲವೂ ಸುದ್ದಿಯಾಗಿ ಹಳತಾಗಿದ್ದವು. ಜಾನ್ ಹರ್ಸಿ ಎಂಬ ಪತ್ರಕರ್ತ ಅಲ್ಲಿಗೆ ಹೋಗಿ ಬದುಕುಳಿದವರ ಜೊತೆ ಮಾತನಾಡಿದರು. ಕಚೇರಿಯ ಗುಮಾಸ್ತೆ, ಇಬ್ಬರು ವೈದ್ಯರು, ದರ್ಜಿಯೊಬ್ಬನ ವಿಧವೆ, ಒಬ್ಬ ಜರ್ಮನ್ ಪಾದ್ರಿ, ಒಬ್ಬ ಜಪಾನಿ ಪಾದ್ರಿ: ಈ ಆರು ಜನರ ಕತೆಯನ್ನು ಬರೆದರು. ನಾಲ್ಕು ಕಂತುಗಳಲ್ಲಿ ಹಾಕಬೇಕೆಂದಿದ್ದ ಬರಹಕ್ಕೆ ಸಂಪಾದಕರು ಇಡೀ ಸಂಚಿಕೆಯನ್ನೇ ಬಿಟ್ಟುಕೊಟ್ಟರು. ಅದರಲ್ಲಿ ಬೇರೆ ಲೇಖನವಿಲ್ಲ, ವ್ಯಂಗ್ಯಚಿತ್ರವಿಲ್ಲ. ಶತ್ರುದೇಶದವರೆಂದು ಅಮೆರಿಕದ ಜನ ದ್ವೇಷಿಸುತ್ತಿದ್ದವರಿಗೆ ಆ ಸಂಚಿಕೆಯಲ್ಲಿ ಹೆಸರು ಬಂತು, ಮನೆ ಬಂತು, ಮಕ್ಕಳು ಬಂದರು. ಇವತ್ತಿಗೂ ಪತ್ರಿಕೋದ್ಯಮದ ತರಗತಿಗಳಲ್ಲಿ ಈ ಬರಹವನ್ನು ಪಾಠವಾಗಿ ಓದಿಸುತ್ತಾರೆ.

ಎರಡನೆಯದು ಪರಿಶೀಲನೆ. ಅದೇ ಪತ್ರಿಕೆಯಲ್ಲಿ ಸಂಗತಿಗಳನ್ನು ತಾಳೆ ನೋಡುವುದಕ್ಕೇ ಪ್ರತ್ಯೇಕ ವಿಭಾಗವಿದೆ. ಲೇಖಕ ಎಷ್ಟೇ ಹೆಸರುವಾಸಿಯಾಗಿರಲಿ, ಆತ ಬರೆದದ್ದು ನೇರವಾಗಿ ಅಚ್ಚಿಗೆ ಹೋಗುವುದಿಲ್ಲ. ಲೇಖನದಲ್ಲಿ ಬರುವ ವ್ಯಕ್ತಿಗಳಿಗೆ ಫೋನ್ ಮಾಡಿ ಹೆಸರು, ತಾರೀಖು, ಘಟನೆಯ ವಿವರ ಎಲ್ಲವನ್ನೂ ಮತ್ತೊಮ್ಮೆ ಕೇಳುತ್ತಾರೆ. ಓದುಗರಿಗೆ ಈ ಕೆಲಸ ಕಾಣಿಸುವುದಿಲ್ಲ. ಆದರೆ ಪತ್ರಕರ್ತರಿಗೆ ಒಂದೊಂದು ಸಾಲಿನ ಹಿಂದೆ ಎಷ್ಟು ದುಡಿಮೆ ಇದೆಯೆಂದು ಗೊತ್ತಾಗುತ್ತದೆ. ಅವರ ಮೆಚ್ಚುಗೆಯಲ್ಲಿ ಅರ್ಧ ಭಾಗ ಈ ದುಡಿಮೆಗೇ ಸಲ್ಲುತ್ತದೆ.

ಮೂರನೆಯದು ಧೈರ್ಯ. ಕನ್ನಡದಲ್ಲಿ ಇದಕ್ಕೆ ದೂರ ಹುಡುಕಬೇಕಾಗಿಲ್ಲ. ಇಂಗ್ಲಿಷ್ ಅಧ್ಯಾಪಕರಾಗಿದ್ದ ಪಿ. ಲಂಕೇಶ್ ಆ ಕೆಲಸ ಬಿಟ್ಟು 1980ರಲ್ಲಿ ‘ಲಂಕೇಶ್ ಪತ್ರಿಕೆ’ ಆರಂಭಿಸಿದರು. ಅದು ಜಾಹೀರಾತು ಹಾಕುತ್ತಿರಲಿಲ್ಲ. ಓದುಗರು ಕೊಡುವ ಹಣದಿಂದಲೇ ನಡೆಯುತ್ತಿದ್ದುದರಿಂದ ಜಾಹೀರಾತುದಾರರ ಮುಲಾಜು ಇರಲಿಲ್ಲ. ಅಧಿಕಾರದಲ್ಲಿದ್ದವರನ್ನು ನೇರವಾಗಿ ಪ್ರಶ್ನಿಸುತ್ತಿತ್ತು.

ಈ ಪತ್ರಿಕೆಯನ್ನು ನಾನು ನೆನೆಯಲು ಇನ್ನೊಂದು ಕಾರಣವಿದೆ. ಅದು ಹೊಸಬರಿಗೆ ಬಾಗಿಲು ತೆರೆಯಿತು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಮೊದಲ ಲೇಖನ 1981ರಲ್ಲಿ ಇದರಲ್ಲೇ ಬಂತು. ಅದು ಕೋಮು ಸೌಹಾರ್ದದ ಬಗ್ಗೆ ಬರೆದ ಲೇಖನ. ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯೂ ಮೊದಲು ಇದರಲ್ಲೇ ಧಾರಾವಾಹಿಯಾಗಿ ಪ್ರಕಟವಾಯಿತು. ಹಾಸನದ ಬಾನು ಮುಷ್ತಾಕ್ ಇದೇ ಪತ್ರಿಕೆಗೆ ವರದಿಗಾರ್ತಿಯಾಗಿದ್ದರು. ಅವರ ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. ಆ ಸಂಕಲನಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು ನಮಗೆಲ್ಲ ತಿಳಿದಿದೆ. ನಮ್ಮಂಥ ಮನೆಗಳ ಒಳಗಿನ ಮಾತನ್ನು ಆ ಮನೆಗಳ ಹೆಣ್ಣುಮಕ್ಕಳೇ ಬರೆಯಬಹುದು ಎಂಬುದು ಇಂಥ ಪತ್ರಿಕೆಯಿಂದ ನಾಡಿಗೆಲ್ಲ ಗೊತ್ತಾಯಿತು. “ಹುಡುಗಿಗೆ ಪತ್ರಿಕೋದ್ಯಮ ಯಾಕೆ?” ಎಂದು ನನ್ನ ಮನೆಗೆ ಬಂದವರು ಕೇಳಿದಾಗಲೆಲ್ಲ ನನಗೆ ಈ ಇಬ್ಬರ ನೆನಪಾಗುತ್ತದೆ.

ನಾಲ್ಕನೆಯದು ಭಾಷೆ. ಹುಬ್ಬಳ್ಳಿಯಿಂದ ಬರುವ ‘ಕಸ್ತೂರಿ’ ಮಾಸಪತ್ರಿಕೆ 1956ರಲ್ಲಿ ಶುರುವಾಯಿತು. ಅದನ್ನು ಬೆಳೆಸಿದ ಪಾ.ವೆಂ. ಆಚಾರ್ಯರು ‘ಪದಾರ್ಥ ಚಿಂತಾಮಣಿ’ ಎಂಬ ಅಂಕಣದಲ್ಲಿ ಒಂದೊಂದು ಪದದ ಹುಟ್ಟು, ಅರ್ಥಗಳನ್ನು ಬಿಡಿಸಿ ಹೇಳುತ್ತಿದ್ದರು. ದೊಡ್ಡ ಪುಸ್ತಕವೊಂದನ್ನು ಕೆಲವೇ ಪುಟಗಳಿಗೆ ಇಳಿಸಿ ಕೊಡುವುದೂ ಈ ಪತ್ರಿಕೆಯ ವಿಶೇಷ. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬುದೇ ಉಪಸಂಪಾದಕರ ಕಸುಬು. ಅದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ.

ಸ್ನೇಹಿತರೇ, ಇದೆಲ್ಲ ಪತ್ರಕರ್ತರಾಗುವವರಿಗೆ ಮಾತ್ರ ಎಂದುಕೊಳ್ಳಬೇಡಿ. ವಿಜ್ಞಾನ, ವಾಣಿಜ್ಯ ಓದುವವರ ಮೊಬೈಲಿಗೂ ದಿನಕ್ಕೆ ಹತ್ತಾರು ಸುದ್ದಿಗಳು ಬರುತ್ತವೆ. ಬರೆದವರು ಯಾರೆಂದು ಗೊತ್ತಿಲ್ಲ, ತಾಳೆ ನೋಡಿದವರು ಯಾರೂ ಇಲ್ಲ. ಎಂದೂ ಕಾಲಿಡದ ಓಣಿಯ ಬಗ್ಗೆ, ಎಂದೂ ಮಾತನಾಡಿಸದ ಜನರ ಬಗ್ಗೆ ಯಾರೋ ನಾಲ್ಕು ಸಾಲು ಗೀಚುತ್ತಾರೆ. ನಾವು ಓದದೆಯೇ ಮುಂದಕ್ಕೆ ಕಳಿಸುತ್ತೇವೆ. ಅದರಿಂದ ಎಷ್ಟೋ ಕಡೆ ನೆರೆಹೊರೆಯವರ ನಡುವೆ ಮಾತು ನಿಂತುಹೋಗಿದೆ.

ಹಾಗಾಗಿ ನನ್ನದೊಂದು ವಿನಂತಿ. ಗ್ರಂಥಾಲಯಕ್ಕೆ ಹೋದಾಗ ಒಂದು ಪತ್ರಿಕೆ ತೆಗೆದುಕೊಂಡು, ಒಂದೇ ಒಂದು ಲೇಖನವನ್ನು ಎರಡು ಸಲ ಓದಿ. ಮೊದಲನೆಯ ಸಲ ವಿಷಯ ತಿಳಿಯಲು. ಎರಡನೆಯ ಸಲ ಈ ಮೂರು ಪ್ರಶ್ನೆಗಳೊಂದಿಗೆ: ಬರೆದವರು ಆ ಜಾಗಕ್ಕೆ ಹೋಗಿದ್ದರೇ? ಯಾರನ್ನೆಲ್ಲ ಮಾತನಾಡಿಸಿದ್ದಾರೆ? ಯಾರ ಮಾತು ಬಿಟ್ಟುಹೋಗಿದೆ? ಹೀಗೆ ಕೇಳುವ ಅಭ್ಯಾಸವಾದರೆ ಒಳ್ಳೆಯ ಬರಹ ಯಾವುದು, ಬರೀ ಗದ್ದಲ ಯಾವುದು ಎಂಬುದು ನಮಗೇ ತಿಳಿಯುತ್ತದೆ.

– ದ್ವಿತೀಯ ಪಿಯುಸಿ, ಕಲಾ ವಿಭಾಗದ ವಿದ್ಯಾರ್ಥಿನಿ