ನೀರುಗಂಟಿಯನ್ನು ಆರಿಸುವವರಾರು?

ಕೋಲಾರದ ಸೀಮೆಗೆ ತುಂಬಿ ಹರಿಯುವ ಹೊಳೆಯ ಭಾಗ್ಯವಿಲ್ಲ. ಪಾಲಾರಿನ ಹೆಸರು ಹೇಳಿಕೊಳ್ಳಬಹುದು. ಅದರಲ್ಲಿ ವರ್ಷದ ಬಹುಭಾಗ ಕಾಣುವುದು ಮರಳು. ಆದುದರಿಂದ ನಮ್ಮ ಪೂರ್ವಿಕರು ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳ ಉದ್ದಕ್ಕೂ ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಹರಿಯುವಂತೆ ಕೆರೆಗಳ ಸರಪಳಿಯನ್ನೇ ಕಟ್ಟಿದರು. ಕಟ್ಟಿದ್ದು ದೊಡ್ಡ ಕೆಲಸ; ಕೂಡಿದ ನೀರನ್ನು ಹೊಡೆದಾಟವಿಲ್ಲದೆ ಹಂಚಿದ್ದು ಅದಕ್ಕಿಂತ ದೊಡ್ಡದು. ಆ ಹಂಚಿಕೆ ನೀರುಗಂಟಿಯ ಕೈಯಲ್ಲಿತ್ತು.

ತೂಬನ್ನು ಎತ್ತುವವನೂ ಇಳಿಸುವವನೂ ಅವನೇ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಸರದಿ ಕಾಲುವೆಯ ಕೊನೆಯಿಂದಲೋ ತೂಬಿನ ಬುಡದಿಂದಲೋ ಎಂಬ ಊರಿನ ಕಟ್ಟಳೆಯನ್ನು ಗದ್ದೆಯ ಬದುವಿನ ಮೇಲೆ ನಿಂತು ನಡೆಸಬೇಕಾದವನು ಅವನು. ಅವನ ಸಂಬಳ ಕಣದಲ್ಲಿ; ಒಕ್ಕಣೆಯಾದ ಮೇಲೆ ಒಬ್ಬೊಬ್ಬ ರೈತನೂ ಇಷ್ಟಿಷ್ಟು ಧಾನ್ಯ ಅಳೆಯುತ್ತಿದ್ದನು. ಎಲ್ಲರ ಗದ್ದೆಯೂ ತೆನೆಯಾದರೆ ಅವನಿಗೂ ಲಾಭ.

ಅವನನ್ನು ಯಾರೂ ಆರಿಸಿರಲಿಲ್ಲ. ತಂದೆಯ ಬಳಿಕ ಮಗ. ಇದನ್ನು ಹಿಂದಿನವರ ಜಾಣತನವೆಂದು ಹೊಗಳುವವರಿಗೆ ಒಂದು ಮಾತು ನೆನಪಿರಲಿ: ನೀರುಗಂಟಿ ಸಾಮಾನ್ಯವಾಗಿ ಅಸ್ಪೃಶ್ಯರೆನಿಸಿದ ಕುಲದವನು. ಗೌಡರ ಗದ್ದೆಯ ನೀರನ್ನು ನಿಲ್ಲಿಸಬಲ್ಲವನು ಗೌಡರ ಪಡಸಾಲೆಯನ್ನು ಹತ್ತಲಾರನು. ಅದು ಅಧಿಕಾರವೆಷ್ಟೋ ಅಷ್ಟೇ ಜೀತ. 1961ರ ಕಾಯಿದೆ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಮಾಡಿ 1963ರಲ್ಲಿ ಜಾರಿಗೆ ಬಂದಾಗ ಯಾರೂ ಕಣ್ಣೀರಿಡಬೇಕಾಗಿರಲಿಲ್ಲ. ಆದರೆ ತೂಬು ಇದ್ದಲ್ಲಿಯೇ ಇದ್ದಿತು. ಅದನ್ನು ಯಾರಾದರೂ ಎತ್ತಲೇಬೇಕು.

2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಜಲಸಂವರ್ಧನೆ ಯೋಜನಾ ಸಂಘದ ಕೆಲಸ ಆರಂಭವಾಗಿ ಊರೂರಿನಲ್ಲಿ ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. ಅಧ್ಯಕ್ಷರು, ಕಾರ್ಯಕಾರಿ ಸಮಿತಿ, ಸದಸ್ಯತ್ವ ಎಲ್ಲವೂ ಬಂದವು. ಹಾಗಾದರೆ ನೀರುಗಂಟಿಯನ್ನೂ ಮತದಿಂದಲೇ ಆರಿಸಬಾರದೇಕೆ?

ಮತ ಯಾರದು ಎಂಬುದು ಮೊದಲನೆಯ ತೊಡಕು. ಪಹಣಿಯನ್ನೇ ಹಿಡಿದರೆ ನಾಟಿಮಾಡಿ ಕಳೆ ಕೀಳುವ ಹೆಂಗಸಿಗೆ ಬಹುಮಟ್ಟಿಗೆ ಮತವಿಲ್ಲ. ಮೀನು ಹಿಡಿಯುವವನಿಗೆ, ದನ ಮೇಯಿಸುವವನಿಗೆ ಇಲ್ಲವೇ ಇಲ್ಲ. ಎಲ್ಲರಿಗೂ ಮತ ಕೊಟ್ಟೆವೆನ್ನೋಣ. ತೂಬಿನ ಬುಡದಲ್ಲಿ ಅರುವತ್ತು ಮನೆಯವರ ಗದ್ದೆ, ಕಾಲುವೆಯ ಕೊನೆಯಲ್ಲಿ ಇಪ್ಪತ್ತು ಮನೆಯವರದು ಎಂದಿಟ್ಟುಕೊಳ್ಳಿ. ಕೆರೆ ಕೋಡಿಬಿದ್ದ ವರ್ಷ ಯಾರು ನೀರುಗಂಟಿಯಾದರೇನು? ಅರ್ಧ ಕೆರೆಯ ವರ್ಷ ಅವನು ಆ ಅರುವತ್ತು ಮನೆಗಳಿಗೆ ಇಲ್ಲವೆನ್ನಬೇಕು. ಮುಂದಿನ ಚುನಾವಣೆ ಅವರ ಕೈಯಲ್ಲಿರುವಾಗ ಹಾಗೆನ್ನುವ ಎದೆ ಎಷ್ಟು ಜನಕ್ಕಿದೆ?

ಸ್ಪೇನ್ ದೇಶದ ವೆಲೆನ್ಸಿಯಾ ನಗರದಲ್ಲಿ ಗುರುವಾರ ಗುರುವಾರ ಮಧ್ಯಾಹ್ನ ಇಗರ್ಜಿಯ ಬಾಗಿಲಲ್ಲಿ ಜಲನ್ಯಾಯಸಭೆ ಕೂಡುತ್ತದೆ. 2009ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯೆಂದು ಮನ್ನಿಸಿತು. ಎಂಟು ಕಾಲುವೆಗಳ ಎಂಟು ಪ್ರತಿನಿಧಿಗಳು, ಎಲ್ಲರೂ ರೈತರು, ರೈತರೇ ಆರಿಸಿದವರು. ವಾದವೆಲ್ಲ ಬಾಯಿಮಾತಿನಲ್ಲಿ. ನನ್ನ ಗಮನ ಸೆಳೆದುದು ಬೇರೊಂದು ನಿಯಮ: ಯಾವ ಕಾಲುವೆಯ ವ್ಯಾಜ್ಯವೋ ಆ ಕಾಲುವೆಯ ಪ್ರತಿನಿಧಿ ತೀರ್ಪಿನಲ್ಲಿ ಸೇರುವಂತಿಲ್ಲ. ತನ್ನನ್ನು ಆರಿಸಿದವರ ಜಗಳವನ್ನು ಅವನು ತೀರಿಸುವುದಿಲ್ಲ.

ನಮ್ಮ ಸರಪಳಿಗೆ ಇದು ಒಗ್ಗದ ಮಾತೇನಲ್ಲ. ಸಮಿತಿಯನ್ನು ಊರೆಲ್ಲ ಮತಕೊಟ್ಟು ಆರಿಸಲಿ. ನೀರುಗಂಟಿಯನ್ನು ಸಮಿತಿ ಗೊತ್ತಾದ ಅವಧಿಗೆ, ಕುಲ ನೋಡದೆ, ಸರಿಯಾದ ಸಂಬಳಕ್ಕೆ ನೇಮಿಸಲಿ. ಕಾಲುವೆಯ ಕೊನೆಯವರು ಒಪ್ಪದೆ ಅವನನ್ನು ತೆಗೆಯಲಾಗದಿರಲಿ. ಅವನ ಮೇಲಿನ ದೂರನ್ನು ಪಕ್ಕದ ಕೆರೆಯವರು ವಿಚಾರಿಸಲಿ.

ಆದರೆ ಈಗ ತೂಬನ್ನು ಎತ್ತುವ ಸಂದರ್ಭವೇ ಕಡಮೆಯಾಗಿದೆ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆನೀರು ಲಕ್ಷ್ಮೀಸಾಗರದ ಕೆರೆಯಿಂದ ಮೊದಲಾಗಿ ಇಲ್ಲಿಯ ಕೆರೆಗಳಿಗೆ ಬರುತ್ತಿದೆ. ದಿನಕ್ಕೆ 44 ಕೋಟಿ ಲೀಟರು, 126 ಕೆರೆಗಳು ಎಂಬುದು ಮೊದಲ ಹಂತದ ಯೋಜನೆ. ಆ ನೀರು ಅಂತರ್ಜಲಕ್ಕೆಂದು ಮೀಸಲು, ನೇರವಾಗಿ ಗದ್ದೆಗೆ ಹರಿಸುವಂತಿಲ್ಲ. ಇಂಗಿದುದನ್ನು ರೈತರು ತಮ್ಮ ತಮ್ಮ ಕೊಳವೆಬಾವಿಯಿಂದ ಎತ್ತಿಕೊಳ್ಳುತ್ತಾರೆ. ಆಳಕ್ಕೆ ಕೊರೆಸಲು ಹಣವುಳ್ಳವನದೇ ಸರದಿ. ಪಂಪುಗಳಿಗೂ ಹೊತ್ತು ಗೊತ್ತುಮಾಡುವ ಕೆಲಸವನ್ನು ಕೆರೆಯ ಸಂಘಗಳೇ ವಹಿಸಬೇಕೆಂದು ನನಗೆ ತೋರುತ್ತದೆ. ಅದಕ್ಕೆ ಒಬ್ಬನನ್ನು ನೇಮಿಸುವ ದಿನ ಮೊದಲು ಹೆಸರು ಸೂಚಿಸಬೇಕಾದವರು ಬಾವಿ ಬತ್ತಿದವರು.