ಸೆನ್ಸರಿನ ಬ್ಯಾಟರಿ ವರ್ಷಗಟ್ಟಲೆ ಬಾಳುವುದು ಹೇಗೆ?

ಪ್ರಶ್ನೆ: ಕೊಲ್ಹಾರದ ಕಡೆ ಕಬ್ಬಿನ ಹೊಲದಲ್ಲಿ ನೆಡುವ ತೇವಾಂಶ ಸೆನ್ಸರು ಗಾಳಿಯಲ್ಲೇ ಸುದ್ದಿ ಕಳಿಸುತ್ತದೆ. ಮೊಬೈಲಿಗೆ ದಿನಾ ಚಾರ್ಜ್ ಬೇಕು, ಇದಕ್ಕೇಕೆ ಬೇಡ?

ಉತ್ತರ: ಅದು ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತದೆ. ಆಲಮಟ್ಟಿ ಹಿನ್ನೀರಿನ ದಂಡೆಯ ಕರಿಮಣ್ಣು ನಿಮಿಷಕ್ಕೊಮ್ಮೆ ಒಣಗುವುದಿಲ್ಲ. ತಾಸಿಗೊಂದು ಸುದ್ದಿ ಧಾರಾಳ ಸಾಕು. ನಿದ್ದೆಯಲ್ಲಿ ಗಡಿಯಾರದ ಭಾಗವೊಂದೇ ಎಚ್ಚರವಿದ್ದು ಸುಮಾರು 10 ಮೈಕ್ರೋಆಂಪಿಯರ್ ಎಳೆಯುತ್ತದೆ. ತಾಸಿಗೆ 2 ಸೆಕೆಂಡು ಎದ್ದು, 100 ಮಿಲಿಆಂಪಿಯರ್ ಬಳಸಿ ಸುದ್ದಿ ಕಳಿಸಿ, ಮತ್ತೆ ಮಲಗುತ್ತದೆ. 2,400 ಮಿಲಿಆಂಪಿಯರ್-ಅವರ್ ಬ್ಯಾಟರಿ ಲೆಕ್ಕದ ಪ್ರಕಾರ ನಾಲ್ಕು ವರ್ಷ ಬರುತ್ತದೆ. ಸದಾ ಎಚ್ಚರವಿದ್ದು 50 ಮಿಲಿಆಂಪಿಯರ್ ಎಳೆದರೆ ಎರಡೇ ದಿನ!

ಇಷ್ಟೇ ಸಾಲದು. ಸುದ್ದಿ ಕಳಿಸುವ ಕ್ಷಣದ ಹಠಾತ್ ಎಳೆತಕ್ಕೆ ಸಣ್ಣ ಬ್ಯಾಟರಿಯ ವೋಲ್ಟೇಜ್ ಕುಸಿದರೆ ಚಿಪ್ ಅರ್ಧದಲ್ಲೇ ನಿಂತು ಮೊದಲಿನಿಂದ ಶುರುವಾಗುತ್ತದೆ. ಅದಕ್ಕೇ ಪಕ್ಕದಲ್ಲೊಂದು ಕೆಪಾಸಿಟರ್. ಸಣ್ಣಗೆ ಬರುವ ನಳದ ನೀರನ್ನು ಟಾಕಿಯಲ್ಲಿ ತುಂಬಿಟ್ಟು ಒಮ್ಮೆಗೇ ಬಿಡುವಂತೆ, ಅದು ಬ್ಯಾಟರಿಯಿಂದ ನಿಧಾನವಾಗಿ ತುಂಬಿಕೊಂಡು ಬೇಕಾದ ಕ್ಷಣಕ್ಕೆ ಸುರಿಯುತ್ತದೆ.

ಕೊಳ್ಳುವವರು ಒಂದನ್ನು ಖಂಡಿತ ನೋಡಬೇಕು: ಪೆಟ್ಟಿಗೆಯಲ್ಲಿ ಸದಾ ಉರಿಯುವ ದೀಪವಿದೆಯೇ? 2 ಮಿಲಿಆಂಪಿಯರಿನ ಆ ಪುಟ್ಟ ದೀಪವೊಂದೇ ಇದೇ ಬ್ಯಾಟರಿಯನ್ನು 50 ದಿನದೊಳಗೆ ಬರಿದು ಮಾಡುತ್ತದೆ.